ಒಂದು ಬೆಟ್ಟ, ನಾಲ್ಕು ಹೆಸರು: ಆರ್.ಕೆ.ಪುರಂನಿಂದ ಸರಂದೀಪಕ್ಕೆ

ರಜೆ ಹತ್ತಿರ ಬಂತೆಂದರೆ ಆರ್.ಕೆ.ಪುರಂನ ಕನ್ನಡ ಮನೆಗಳಲ್ಲಿ ಮೊದಲು ಕೇಳುವ ಮಾತು ಒಂದೇ, "ಊರಿಗೆ ಟಿಕೆಟ್ ಆಯ್ತಾ?" ಊರಿಗೆ ಹೋಗಿ ಬಂದ ಮೇಲೆ ಕೈಯಲ್ಲಿ ಇನ್ನೂ ಎಂಟು ಹತ್ತು ದಿನ ಉಳಿದಿದ್ದರೆ, ಮಕ್ಕಳು ಸ್ವಲ್ಪ ಬೆಳೆದಿದ್ದರೆ, ಎರಡನೆಯ ಮಾತು ಬರುತ್ತದೆ. ಈ ಸಲ ಎಲ್ಲಾದರೂ ಹೊರದೇಶಕ್ಕೆ ಹೋಗೋಣವೇ ಅಂತ. ದೆಹಲಿಯಿಂದ ವಿಮಾನದಲ್ಲಿ ಸುಮಾರು ಮೂರೂವರೆ ಗಂಟೆ, ಬೆಂಗಳೂರಿನಿಂದ ಒಂದೂವರೆ ಗಂಟೆ. ಅಷ್ಟರಲ್ಲಿ ನೀವು ಶ್ರೀಲಂಕಾದಲ್ಲಿರುತ್ತೀರಿ. ಕರ್ನಾಟಕದ ಮೂರನೇ ಒಂದು ಭಾಗದಷ್ಟು ದೊಡ್ಡದಾದ ಈ ದ್ವೀಪದಲ್ಲಿ ಕಡಲು, ಮಳೆಕಾಡು, ಟೀ ಬೆಟ್ಟ, ಎರಡು ಸಾವಿರ ವರ್ಷ ಹಳೆಯ ನಗರ, ಆನೆ, ಚಿರತೆ, ತಿಮಿಂಗಿಲ ಎಲ್ಲವೂ ಒಂದೊಂದು ದಿನದ ದಾರಿಯಲ್ಲಿ ಸಿಗುತ್ತವೆ.

ಅಲ್ಲಿ ಏನೇನು ನೋಡಬೇಕು ಎಂಬುದು ಈ ಬರಹದ ವಿಷಯ. ಆದರೆ ಬರೀ ಪಟ್ಟಿ ಬೇಕಿದ್ದರೆ ಯಾವ ಟ್ರಾವೆಲ್ ಏಜೆಂಟರ ಬಳಿಯೂ ಸಿಗುತ್ತದೆ. ನಾನು ಹೇಳಬೇಕೆಂದಿರುವುದು ಇನ್ನೊಂದು. ಈ ದ್ವೀಪದ ಅತ್ಯಂತ ಚೆಂದದ ಜಾಗಗಳು ಬಹುಪಾಲು ಒಬ್ಬರಿಗೇ ಸೇರಿದವಲ್ಲ. ಒಂದೇ ಬೆಟ್ಟವನ್ನು, ಒಂದೇ ಕಾಡನ್ನು, ಒಂದೇ ಕಲ್ಲನ್ನು ನಾಲ್ಕು ಜನ ನಾಲ್ಕು ಹೆಸರಿನಿಂದ ಕರೆದು ತಮ್ಮದು ಎನ್ನುತ್ತಾರೆ. ಆ ಹೆಸರುಗಳು ಒಟ್ಟಿಗೆ ಬಾಳಿದಾಗ ದ್ವೀಪ ಚೆನ್ನಾಗಿತ್ತು. ಒಂದು ಹೆಸರು ಉಳಿದವನ್ನು ಅಳಿಸಲು ಹೊರಟಾಗಲೆಲ್ಲ ರಕ್ತ ಹರಿದಿದೆ. ಇದನ್ನು ತಿಳಿದು ನೋಡಿದರೆ ಅಲ್ಲಿನ ಚೆಲುವು ಕಡಿಮೆಯಾಗುವುದಿಲ್ಲ, ಇನ್ನಷ್ಟು ಅರ್ಥವಾಗುತ್ತದೆ.

ದಾರಿ ಶುರುವಾಗುವುದು ನಮ್ಮ ಪಕ್ಕದಲ್ಲೇ

ಸೆಕ್ಟರ್ 12ರ ದೆಹಲಿ ಕರ್ನಾಟಕ ಸಂಘಕ್ಕೆ ನೀವು ಹೋಗಿಯೇ ಇರುತ್ತೀರಿ. ಆರ್.ಕೆ.ಪುರಂನಿಂದ ಪೂರ್ವಕ್ಕೆ ಸ್ವಲ್ಪ ದೂರದಲ್ಲಿರುವ ಹೌಜ್ ಖಾಸ್ ಕೆರೆಯ ದಂಡೆಯಲ್ಲೂ ಅಡ್ಡಾಡಿರಬಹುದು. ಅಲಾವುದ್ದೀನ್ ಖಿಲ್ಜಿಯ ಕಾಲದಲ್ಲಿ ತೋಡಿಸಿದ ಕೆರೆ ಅದು. ಹದಿನಾಲ್ಕನೇ ಶತಮಾನದಲ್ಲಿ ಅದನ್ನು ನೋಡಿ ಬರೆದಿಟ್ಟವರಲ್ಲಿ ಮೊರಾಕ್ಕೋದ ಇಬ್ನ್ ಬತೂತ ಒಬ್ಬ. 1304ರಲ್ಲಿ ತಾಂಜೀರಿನಲ್ಲಿ ಹುಟ್ಟಿದ ಈತ ಮುಹಮ್ಮದ್ ಬಿನ್ ತುಘಲಕ್‌ನ ಕಾಲದಲ್ಲಿ ದೆಹಲಿಗೆ ಬಂದು ಇಲ್ಲಿ ಕಾಜಿಯಾಗಿ ಕೆಲಸ ಮಾಡಿದ.

1342ರಲ್ಲಿ ಸುಲ್ತಾನ ಅವನನ್ನು ಚೀನಾಕ್ಕೆ ರಾಯಭಾರಿಯಾಗಿ ಕಳಿಸಿದ. ಖಂಭಾತ ದಾಟಿ ಮುಂದೆ ಹಡಗು ಹತ್ತಿ ಅವನು ಬಂದದ್ದು ನಮ್ಮ ಕರಾವಳಿಗೇ. ಹೊನ್ನಾವರ, ಬಾರ್ಕೂರು, ಮಂಗಳೂರು. ಹೊನ್ನಾವರದಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದವೆಂದೂ ಅಲ್ಲಿನ ಹೆಂಗಸರಿಗೆ ಖುರ್‌ಆನ್ ಬಾಯಿಪಾಠವಿತ್ತೆಂದೂ ದಾಖಲಿಸಿದ್ದಾನೆ. ಏಳು ಶತಮಾನಗಳ ಹಿಂದೆ ಕನ್ನಡ ನಾಡಿನ ಒಂದು ಬಂದರಿನಲ್ಲಿ ಹೆಣ್ಣುಮಕ್ಕಳಿಗೆ ಹದಿಮೂರು ಶಾಲೆ ಇದ್ದವು! ಇದನ್ನು ನಮ್ಮ ಮಕ್ಕಳಿಗೆ ಒಮ್ಮೆ ಹೇಳಿ ನೋಡಿ. ಮಂಗಳೂರಿನಲ್ಲಿ ಸುಮಾರು ನಾಲ್ಕು ಸಾವಿರ ಮುಸ್ಲಿಮರಿದ್ದರೆಂದೂ, ಪರ್ಷಿಯಾ ಮತ್ತು ಯೆಮನ್ ಕಡೆಯ ವ್ಯಾಪಾರಿಗಳು ಅಲ್ಲಿಗೆ ಬರುತ್ತಿದ್ದರೆಂದೂ ಅವನು ಹೇಳುತ್ತಾನೆ.

ಕಲ್ಲಿಕೋಟೆಯಲ್ಲಿ ಬಿರುಗಾಳಿಗೆ ಸಿಕ್ಕು ಹಡಗು ಒಡೆಯಿತು, ಚೀನಾಕ್ಕೆ ಒಯ್ಯಬೇಕಿದ್ದ ಉಡುಗೊರೆಗಳು ನೀರುಪಾಲಾದವು. ಬರಿಗೈಯಲ್ಲಿ ಸುಲ್ತಾನನ ಮುಂದೆ ನಿಲ್ಲುವ ಧೈರ್ಯ ಅವನಿಗಿರಲಿಲ್ಲ. ಮತ್ತೆ ಹೊನ್ನಾವರ, ಅಲ್ಲಿಂದ ಮಾಲ್ಡೀವ್ಸ್, ಅಲ್ಲಿಯೂ ಕಾಜಿ ಕೆಲಸ, ಕೊನೆಗೆ 1344ರಲ್ಲಿ ಶ್ರೀಲಂಕಾ. ಅರಬರು ಈ ದ್ವೀಪಕ್ಕೆ ಇಟ್ಟ ಹೆಸರು ಸರಂದೀಪ. ಅದರ ಇನ್ನೊಂದು ರೂಪ ಸೆರೆಂದೀಪ್. ಹುಡುಕದೆ ಸಿಗುವ ಒಳಿತಿಗೆ ಇಂಗ್ಲಿಷಿನವರು ಹೇಳುವ 'ಸೆರೆಂಡಿಪಿಟಿ' ಎಂಬ ಪದವನ್ನು 1754ರಲ್ಲಿ ಹೊರೇಸ್ ವಾಲ್‌ಪೋಲ್ ಎಂಬ ಲೇಖಕ ಕಟ್ಟಿದ್ದು ಇದೇ ಹೆಸರಿನಿಂದ.

ಇಬ್ನ್ ಬತೂತ ಇಳಿದದ್ದು ವಾಯವ್ಯ ಕರಾವಳಿಯ ಪುತ್ತಳಂನಲ್ಲಿ. ಆಗ ಅಲ್ಲಿ ಇದ್ದವನು ಯಾಳ್ಪಾಣದ, ಅಂದರೆ ಜಾಫ್ನಾದ, ಆರ್ಯ ಚಕ್ರವರ್ತಿ. ಏನು ಬೇಕೆಂದು ಕೇಳಿದ ಆ ಹಿಂದೂ ಅರಸನ ಬಳಿ ಮುಸ್ಲಿಂ ಯಾತ್ರಿಕ ಕೇಳಿಕೊಂಡದ್ದು ಒಂದೇ: ಆದಮರ ಪಾದ ನೋಡಬೇಕು. ಅರಸ ಪಲ್ಲಕ್ಕಿ ಕೊಟ್ಟ, ದಾರಿಗೆ ಜೊತೆಯಾಗಿ ನಾಲ್ವರು ಯೋಗಿಗಳನ್ನು, ಮೂವರು ಬ್ರಾಹ್ಮಣರನ್ನು, ಸಾಮಾನು ಹೊರಲು ಆಳುಗಳನ್ನು ಕಳಿಸಿಕೊಟ್ಟ. ದಾರಿಯಲ್ಲಿ ಬೌದ್ಧರು ಮುಸ್ಲಿಂ ಯಾತ್ರಿಕರನ್ನು ಗೌರವದಿಂದ ಕಾಣುತ್ತಿದ್ದರು, ಮನೆಯೊಳಗೆ ಕರೆದು ಜೊತೆಗೆ ಊಟ ಮಾಡುತ್ತಿದ್ದರು ಎಂಬುದೂ ಅವನ ಬರಹದಲ್ಲಿದೆ.

ಶ್ರೀಪಾದ, ಶಿವನೊಳಿಪಾದ, ಆದಮರ ಬೆಟ್ಟ

ಹಾಗಾಗಿ ಶ್ರೀಲಂಕಾದಲ್ಲಿ ಒಂದೇ ಒಂದು ಜಾಗ ನೋಡಲು ಸಮಯವಿದ್ದರೆ ಈ ಬೆಟ್ಟವನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ. ಎತ್ತರ 2,243 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಮುನ್ನೂರು ಮೀಟರ್ ಹೆಚ್ಚು. ಇದು ದ್ವೀಪದ ಅತಿ ಎತ್ತರದ ಶಿಖರವಲ್ಲ, ಆ ಸ್ಥಾನ 2,524 ಮೀಟರಿನ ಪಿದುರುತಲಾಗಲಕ್ಕೆ. ಆದರೆ ಸುತ್ತಲ ಬೆಟ್ಟಗಳಿಂದ ಬೇರೆಯಾಗಿ, ಗೋಪುರದ ಹಾಗೆ ಚೂಪಾಗಿ ನಿಂತಿರುವುದು ಇದೇ.

ತುದಿಯ ಬಂಡೆಯ ಮೇಲೆ ದೊಡ್ಡ ಪಾದದ ಆಕಾರದ ಒಂದು ಗುಳಿ ಇದೆ. ಬೌದ್ಧರಿಗೆ ಅದು ಬುದ್ಧನ ಪಾದ, ಅದಕ್ಕೇ ಶ್ರೀಪಾದ. ಹಿಂದೂಗಳಿಗೆ ಶಿವನ ಪಾದ, ತಮಿಳರ ಬಾಯಲ್ಲಿ ಶಿವನೊಳಿಪಾದ ಮಲೆ. ಸ್ವರ್ಗದಿಂದ ಇಳಿದ ಆದಮರು ಮೊದಲು ಕಾಲಿಟ್ಟದ್ದು ಇಲ್ಲಿ ಎಂಬುದು ಮುಸ್ಲಿಮರಲ್ಲಿ ಹಿಂದಿನಿಂದ ಬಂದ ಐತಿಹ್ಯ. ಖುರ್‌ಆನ್‌ನಲ್ಲಿ ಜಾಗದ ಹೆಸರಿಲ್ಲ, ಹಳೆಯ ಇತಿಹಾಸಕಾರರೂ ಪ್ರವಾಸಿಗಳೂ ಬರೆದಿಟ್ಟದ್ದು ಇದು ಎಂಬುದನ್ನು ವಿದ್ಯಾರ್ಥಿಗಳು ನೆನಪಿಟ್ಟುಕೊಳ್ಳಬೇಕು. ಪೋರ್ಚುಗೀಸರು ಬಂದ ಮೇಲೆ ಕೆಲವು ಕ್ರೈಸ್ತರು ಇದನ್ನು ಸಂತ ಥಾಮಸರ ಪಾದವೆಂದರು. ಬೆಟ್ಟದ ಆಡಳಿತ ಇಂದು ಬೌದ್ಧ ಭಿಕ್ಷುಗಳ ಕೈಯಲ್ಲಿದೆ. ಆದರೆ ಹತ್ತುವವರ ಧರ್ಮವನ್ನು ಮೆಟ್ಟಿಲ ಬಳಿ ಯಾರೂ ಕೇಳುವುದಿಲ್ಲ.

ಹತ್ತುವ ಕಾಲ ಡಿಸೆಂಬರ್ ಹುಣ್ಣಿಮೆಯಿಂದ ಮೇ ಹುಣ್ಣಿಮೆವರೆಗೆ. ಹ್ಯಾಟನ್ ಎಂಬ ಊರಿನವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ನಲ್ಲತಣ್ಣಿ ತಲುಪಬೇಕು. ಹೆಸರು ನೋಡಿ, ಒಳ್ಳೆಯ ತಣ್ಣೀರು! ಅಲ್ಲಿಂದ ಐದು ಸಾವಿರಕ್ಕೂ ಹೆಚ್ಚು ಮೆಟ್ಟಿಲು. ರಾತ್ರಿ ಎರಡು ಗಂಟೆಗೆ ಹೊರಟರೆ ಸೂರ್ಯ ಹುಟ್ಟುವ ಹೊತ್ತಿಗೆ ತುದಿಯಲ್ಲಿರಬಹುದು. ಸೀಸನ್‌ನಲ್ಲಿ ದಾರಿಯುದ್ದಕ್ಕೂ ದೀಪ, ಚಹಾ ಅಂಗಡಿ. ಎಂಬತ್ತರ ಅಜ್ಜಿಯಂದಿರು, ಕಂಕುಳಲ್ಲಿ ಕೂಸು ಹೊತ್ತ ತಾಯಂದಿರು ನಿಮ್ಮ ಜೊತೆ ಹತ್ತುತ್ತಿರುತ್ತಾರೆ. ಮೇಲೆ ಒಂದು ಗಂಟೆ ಇದೆ. ಎಷ್ಟು ಸಲ ಬೆಟ್ಟ ಹತ್ತಿದ್ದೀರೋ ಅಷ್ಟು ಸಲ ಬಾರಿಸಬೇಕು. ಬಿಸಿಲು ಬಿದ್ದೊಡನೆ ಪಶ್ಚಿಮದ ಮಂಜಿನ ಮೇಲೆ ಬೆಟ್ಟದ ನೆರಳು ಅಚ್ಚುಕಟ್ಟಾದ ತ್ರಿಕೋನವಾಗಿ ಬೀಳುತ್ತದೆ. ಸ್ವಲ್ಪ ಹೊತ್ತಷ್ಟೇ, ಆಮೇಲೆ ಕರಗಿಹೋಗುತ್ತದೆ.

ಚಿಕ್ಕಮಗಳೂರಿನ ಕಡೆಯವರಿಗೆ ಇದನ್ನು ಓದುವಾಗ ಬಾಬಾಬುಡನ್‌ಗಿರಿ ನೆನಪಾಗದೆ ಇರದು. ಒಂದೇ ಗುಹೆಯಲ್ಲಿ ಒಬ್ಬರಿಗೆ ದತ್ತಾತ್ರೇಯ, ಒಬ್ಬರಿಗೆ ಬಾಬಾ. ಅದು ಕೋರ್ಟು ಕಚೇರಿ, ಪೊಲೀಸ್ ಬಂದೋಬಸ್ತಿನವರೆಗೆ ಬಂದು ನಿಂತ ಕಥೆ ನಿಮಗೆ ಗೊತ್ತು. ಶ್ರೀಲಂಕಾದಲ್ಲೂ ಅಂಥದ್ದೊಂದು ಇದೆ. ಬಾಲಂಗೊಡ ಎಂಬಲ್ಲಿನ ಕೂರಗಲ ಗುಡ್ಡದ ಗುಹೆಯಲ್ಲಿ ಅಬ್ದುಲ್ ಖಾದಿರ್ ಜೀಲಾನಿಯವರು ಧ್ಯಾನ ಮಾಡಿದ್ದರೆಂದು ಮುಸ್ಲಿಮರು ನಂಬುತ್ತಾರೆ. ಅದು ಪ್ರಾಚೀನ ಬೌದ್ಧ ವಿಹಾರವೆಂದು ಭಿಕ್ಷುಗಳ ವಾದ. ಅಲ್ಲಿಯೂ ಹಗ್ಗಜಗ್ಗಾಟ ನಡೆದಿದೆ. ಅಂದರೆ ಹಂಚಿಕೊಂಡು ಬಾಳುವುದು ಯಾವ ಬೆಟ್ಟಕ್ಕೂ ತಾನಾಗಿ ಒದಗಿ ಬರುವುದಿಲ್ಲ. ಪ್ರತಿ ತಲೆಮಾರಿನವರೂ ಅದನ್ನು ಉಳಿಸಿಕೊಳ್ಳಬೇಕಾಗುತ್ತದೆ.

ಕೊಲಂಬೊ, ಬೇರುವಲ, ಗಾಲೆ

ನೀವು ವಿಮಾನ ಇಳಿಯುವುದು ಕೊಲಂಬೊ ಹತ್ತಿರ. ಹೆಚ್ಚಿನವರು ಅಲ್ಲಿ ಒಂದು ರಾತ್ರಿ ಮಲಗಿ ಮುಂದೆ ಹೋಗುತ್ತಾರೆ. ಒಂದು ಇಡೀ ದಿನ ಕೊಡಿ. ಪೇಟೆ ಎಂದೇ ಕರೆಯುವ ಹಳೇ ಬಜಾರಿನ ನಡುವೆ ಜಾಮಿ ಉಲ್ ಅಲ್ಫಾರ್ ಮಸೀದಿ ಇದೆ. ಕೆಂಪು-ಬಿಳಿ ಪಟ್ಟೆಗಳು, ದಾಳಿಂಬೆ ಹಣ್ಣಿನಂಥ ಗುಮ್ಮಟಗಳು. 1908ರಲ್ಲಿ ಕಟ್ಟಲು ಶುರುಮಾಡಿದ್ದು. ವಿನ್ಯಾಸ ಮಾಡಿದವರು ಸ್ಥಳೀಯರೇ ಆದ ಹಬೀಬು ಲೆಬ್ಬೆ ಸಾಯಿಬು ಲೆಬ್ಬೆ. ಜನರ ಬಾಯಲ್ಲಿ ಇದು ಕೆಂಪು ಮಸೀದಿ. ನಮಾಜಿನ ಹೊತ್ತು ಬಿಟ್ಟು ಹೋದರೆ ಬೇರೆ ಧರ್ಮದವರಿಗೂ ಒಳಗೆ ತೋರಿಸುತ್ತಾರೆ.

ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಒಂದು ಕಲ್ಲನ್ನು ತಪ್ಪದೆ ನೋಡಿ. ಚೀನಾದ ನೌಕಾಧಿಪತಿ ಝೆಂಗ್ ಹೆ ತಂದು ಗಾಲೆಯಲ್ಲಿ ನಿಲ್ಲಿಸಿದ ಶಾಸನ ಅದು, ಅದರ ಮೇಲಿನ ವರ್ಷ 1409. ಮೂರು ಭಾಷೆ. ಚೀನೀ ಭಾಷೆಯಲ್ಲಿ ಬುದ್ಧನಿಗೆ ಸ್ತುತಿ ಮತ್ತು ಕಾಣಿಕೆಯ ಪಟ್ಟಿ, ತಮಿಳಿನಲ್ಲಿ ವಿಷ್ಣುವಿನ ರೂಪವಾದ ತೇನಾವರೈ ನಾಯನಾರ್‌ಗೆ, ಪಾರಸಿಯಲ್ಲಿ ಅಲ್ಲಾಹನಿಗೆ. ಕಾಣಿಕೆ ಕಳಿಸಿದ್ದು ಒಬ್ಬನೇ ಚಕ್ರವರ್ತಿ, ತಂದವನು ಮುಸ್ಲಿಂ ಮನೆತನದಲ್ಲಿ ಹುಟ್ಟಿದವನು. ಈ ಕಲ್ಲು ಪತ್ತೆಯಾದದ್ದು 1911ರಲ್ಲಿ, ಗಾಲೆ ಪಟ್ಟಣದ ಒಂದು ಮೋರಿಯ ಮುಚ್ಚಳವಾಗಿ! ಐನೂರು ವರ್ಷ ಹಿಂದಿನ ಸಹಬಾಳ್ವೆಯ ಸಾಕ್ಷಿಯನ್ನು ಜನ ತುಳಿದು ಓಡಾಡುತ್ತಿದ್ದರು.

ಕೊಲಂಬೊದಿಂದ ದಕ್ಷಿಣಕ್ಕೆ ಕಡಲ ಪಕ್ಕದಲ್ಲೇ ರೈಲು ಓಡುತ್ತದೆ. ಕಾರವಾರದಿಂದ ಉಡುಪಿವರೆಗೆ ಕಡಲು ಮರದ ಸಂದಿಯಲ್ಲಿ ಇಣುಕುತ್ತದಲ್ಲ, ಇಲ್ಲಿ ಹಾಗಲ್ಲ, ಹಳಿಯ ಕೆಳಗೇ ಅಲೆ. ದಾರಿಯಲ್ಲಿ ಬೇರುವಲ ಎಂಬ ಮೀನುಗಾರರ ಊರು. ಸಮುದ್ರಕ್ಕೆ ಚಾಚಿಕೊಂಡ ಗುಡ್ಡದ ಮೇಲೆ ಬಿಳಿ ಬಣ್ಣದ ಕೆಚ್ಚಿಮಲೆ ಮಸೀದಿ ಮತ್ತು ದರ್ಗಾ. ದ್ವೀಪದ ಅತಿ ಹಳೆಯ ಮುಸ್ಲಿಂ ನೆಲೆಗಳಲ್ಲಿ ಇದೂ ಒಂದು. ಅರಬ್ ವ್ಯಾಪಾರಿಗಳು ಕರಾವಳಿಯಲ್ಲಿ ನಿಂತು, ಅಲ್ಲಿಯ ಹೆಣ್ಣುಗಳನ್ನು ಮದುವೆಯಾಗಿ, ಅಲ್ಲಿಯ ಭಾಷೆಯನ್ನೇ ಮಾತಾಡುತ್ತ ಬೆಳೆದ ಸಮುದಾಯ ಇದು. ಭಟ್ಕಳದ ನವಾಯತರ, ಮಂಗಳೂರಿನ ಬ್ಯಾರಿಗಳ, ಮಲಬಾರಿನ ಮಾಪಿಳ್ಳೆಗಳ ಕಥೆಯೂ ಇದೇ ಅಲ್ಲವೇ? ಒಂದೇ ಕಡಲು, ಒಂದೇ ಗಾಳಿ, ಬೇರೆ ಬೇರೆ ರೇವು. ಶ್ರೀಲಂಕಾದಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿ ಮುಸ್ಲಿಮರು, ಹೆಚ್ಚಿನವರ ಮನೆಮಾತು ತಮಿಳು.

ಗಾಲೆ ಕೋಟೆಯನ್ನು ಪೋರ್ಚುಗೀಸರು ಶುರುಮಾಡಿದರು, ಡಚ್ಚರು ಬೆಳೆಸಿದರು. 1988ರಿಂದ ವಿಶ್ವ ಪರಂಪರೆಯ ತಾಣ. ಕೋಟೆಯೊಳಗೆ ಇವತ್ತೂ ಜನ ವಾಸವಾಗಿದ್ದಾರೆ. ಅವರಲ್ಲಿ ಮುಸ್ಲಿಂ ಕುಟುಂಬಗಳು ಬಹಳ. ಲೈಟ್‌ಹೌಸ್ ಎದುರಿನ ಮೀರಾನ್ ಮಸೀದಿ ಹೊರಗಿನಿಂದ ನೋಡಿದರೆ ಚರ್ಚ್ ಇದ್ದ ಹಾಗಿದೆ! 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಹೊರಗಿನ ಹೊಸ ಊರು ಕೊಚ್ಚಿಹೋದಾಗ ಒಳಗಿನ ಹಳೇ ಊರನ್ನು ಕಾಪಾಡಿದ್ದು ಈ ಕೋಟೆಯ ಗೋಡೆ. ಸಂಜೆ ಆ ಗೋಡೆಯ ಮೇಲೆ ನಡೆಯುವುದಕ್ಕೆ ಟಿಕೆಟ್ ಇಲ್ಲ.

ಕತರಗಾಮ: ಮಲೈ ಮಂದಿರದ ನಂಟು

ಆರ್.ಕೆ.ಪುರಂನ ಸೆಕ್ಟರ್ 7ರ ಗುಡ್ಡದ ಮೇಲಿನ ಮಲೈ ಮಂದಿರ ನಿಮಗೆ ಗೊತ್ತು. ಸ್ವಾಮಿನಾಥನೆಂಬ ಹೆಸರಿನ ಮುರುಗನ ಗುಡಿ, ನಮ್ಮ ಸುಬ್ರಹ್ಮಣ್ಯ. ಅದೇ ದೇವರು ಶ್ರೀಲಂಕಾದ ಆಗ್ನೇಯ ಮೂಲೆಯ ಕಾಡಿನ ಅಂಚಿನ ಕತರಗಾಮದಲ್ಲಿದ್ದಾನೆ. ತಮಿಳರಿಗೆ ಕದಿರ್ಗಾಮದ ಮುರುಗ, ಸಿಂಹಳ ಬೌದ್ಧರಿಗೆ ದ್ವೀಪವನ್ನು ಕಾಯುವ ಕತರಗಾಮ ದೆವಿಯೊ. ಅದೇ ಆವರಣದಲ್ಲಿ ಮಸೀದಿಯೂ ಇದೆ. ಮುಸ್ಲಿಮರು ಈ ಜಾಗವನ್ನು ಖಿದ್ರ್ ಅವರ ಹೆಸರಿನೊಂದಿಗೆ ಜೋಡಿಸುತ್ತಾರೆ. ಜುಲೈ-ಆಗಸ್ಟ್‌ನ ಹಬ್ಬಕ್ಕೆ ದೂರದ ಯಾಳ್ಪಾಣದಿಂದ ಭಕ್ತರು ವಾರಗಟ್ಟಲೆ ಕಾಲ್ನಡಿಗೆಯಲ್ಲಿ ಬರುತ್ತಾರೆ. ಪಕ್ಕದಲ್ಲೇ ಯಾಲ ರಾಷ್ಟ್ರೀಯ ಉದ್ಯಾನ. ಚಿರತೆ ಕಾಣುವ ಅದೃಷ್ಟ ಜಗತ್ತಿನ ಬೇರೆ ಕಡೆಗಿಂತ ಇಲ್ಲಿ ಹೆಚ್ಚು.

ಟೀ ಬೆಟ್ಟದ ರೈಲು

ಯಾಲದಿಂದ ಉತ್ತರಕ್ಕೆ ಬೆಟ್ಟ ಏರಿದರೆ 'ಎಲ್ಲ' ಎಂಬ ಪುಟ್ಟ ಊರು. ಹೆಸರೇ ಎಲ್ಲ! ಸಿಂಹಳದಲ್ಲಿ ಜಲಪಾತ ಎಂದರ್ಥ. ಊರ ಹೊರಗೆ ಒಂಬತ್ತು ಕಮಾನಿನ ರೈಲು ಸೇತುವೆ ಇದೆ, ಬಳಕೆಗೆ ಬಂದದ್ದು 1921ರಲ್ಲಿ. ಅಲ್ಲಿಂದ ಕ್ಯಾಂಡಿವರೆಗಿನ ರೈಲು ಪ್ರಯಾಣ ಏಷ್ಯಾದ ಚೆಂದದ ಪ್ರಯಾಣಗಳಲ್ಲಿ ಒಂದು. ಮಂಜು, ಜಲಪಾತ, ಕಣ್ಣು ಹಾಯುವವರೆಗೂ ಟೀ. ನಡುವೆ ನುವಾರ ಎಲಿಯದ ಹತ್ತಿರ ಇಳಿದು ಹಾರ್ಟನ್ ಪ್ಲೇನ್ಸ್‌ಗೆ ಹೋಗಬಹುದು. ಅಲ್ಲಿ ನೆಲ ಒಮ್ಮೆಲೇ ಕಡಿದುಹೋಗಿ ನೂರಾರು ಮೀಟರ್ ಪ್ರಪಾತ. ಅದಕ್ಕೆ 'ಜಗತ್ತಿನ ಕೊನೆ' ಅಂತಲೇ ಹೆಸರು. ಬೆಳಿಗ್ಗೆ ಬೇಗ ಹೋಗಿ, ಹತ್ತು ಗಂಟೆ ಮೇಲೆ ಮಂಜು ಎಲ್ಲವನ್ನೂ ಮುಚ್ಚಿಬಿಡುತ್ತದೆ. ಜೋರು ಮಳೆಗೆ ಗುಡ್ಡ ಕುಸಿದು ಈ ರೈಲು ನಿಲ್ಲುವುದೂ ಉಂಟು, ಹೊರಡುವ ಮೊದಲು ವಿಚಾರಿಸಿಕೊಳ್ಳಿ.

ಈ ಬೆಟ್ಟಗಳಲ್ಲಿ ಮೊದಲಿದ್ದದ್ದು ಟೀ ಅಲ್ಲ, ಕಾಫಿ. 1869ರಿಂದ ಎಲೆ ತುಕ್ಕು ರೋಗ ಹರಡಿ ಎರಡೇ ದಶಕದಲ್ಲಿ ಕಾಫಿ ಹೆಚ್ಚುಕಡಿಮೆ ನಾಶವಾಯಿತು. 1867ರಲ್ಲಿ ಜೇಮ್ಸ್ ಟೇಲರ್ ನೆಟ್ಟಿದ್ದ ಟೀ ಆ ಜಾಗಕ್ಕೆ ಬಂತು. ಎಲೆ ಕೀಳಲು ಬ್ರಿಟಿಷರು ತಮಿಳುನಾಡಿನಿಂದ ಬಡವರನ್ನು ಕರೆತಂದರು. ಸ್ವಾತಂತ್ರ್ಯ ಬಂದ 1948ರಲ್ಲೇ ಬಂದ ಪೌರತ್ವ ಕಾಯ್ದೆ ಅವರಲ್ಲಿ ಲಕ್ಷಾಂತರ ಜನರನ್ನು ಯಾವ ದೇಶದವರೂ ಅಲ್ಲದಂತೆ ಮಾಡಿತು. 1964ರ ಸಿರಿಮಾ-ಶಾಸ್ತ್ರಿ ಒಪ್ಪಂದದಲ್ಲಿ 5,25,000 ಜನ ಭಾರತಕ್ಕೆ, 3,00,000 ಜನ ಅಲ್ಲಿಗೆ ಎಂದು ಎರಡು ಸರ್ಕಾರಗಳು ಲೆಕ್ಕ ಹಾಕಿ ಹಂಚಿಕೊಂಡವು. ಹಾಗೆ ಬಂದ ಕೆಲವು ಕುಟುಂಬಗಳಿಗೆ ನಮ್ಮ ಸುಳ್ಯ, ಪುತ್ತೂರು ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ ಕೊಡಲಾಯಿತು. ಅವರ ಮೊಮ್ಮಕ್ಕಳು ಈಗ ಕನ್ನಡ ಶಾಲೆಯಲ್ಲಿ ಓದಿ ಬೆಳೆದವರು. ರೈಲಿನ ಕಿಟಕಿಯಿಂದ ಎಲೆ ಕೀಳುವ ಹೆಂಗಸರ ಫೋಟೋ ತೆಗೆಯುವಾಗ ಇದು ನಮಗೆ ನೆನಪಿರಬೇಕು. ಅವರು ನಿಂತಿರುವ ಸಾಲುಮನೆಗಳ ಸ್ಥಿತಿ ಇಂದಿಗೂ ಚೆಂದವಿಲ್ಲ.

ಕ್ಯಾಂಡಿ, ಸಿಗಿರಿಯ, ಅನುರಾಧಪುರ

ಕ್ಯಾಂಡಿಯಲ್ಲಿ ಕೆರೆಯ ದಂಡೆಯ ದಳದಾ ಮಾಳಿಗಾವ, ಅಂದರೆ ಬುದ್ಧನ ದಂತಧಾತು ಇರುವ ದೇಗುಲ, ಬೌದ್ಧರಿಗೆ ಪವಿತ್ರ ಸ್ಥಳ. ಜುಲೈ-ಆಗಸ್ಟ್‌ನ ಎಸಳ ಪೆರಹರ ಮೆರವಣಿಗೆಯನ್ನು ನೋಡಿದರೆ ನಿಮಗೆ ಮೈಸೂರು ದಸರಾ ನೆನಪಾಗುತ್ತದೆ. ಹತ್ತಿರದ ಪೆರಾದೆನಿಯ ಸಸ್ಯೋದ್ಯಾನಕ್ಕೆ ಅರ್ಧ ದಿನ ಬೇಕು.

ಕ್ಯಾಂಡಿಯ ಬಗ್ಗೆ ಓದುಗರಿಗೆ ತಿಳಿದಿರಬೇಕಾದ ಒಂದು ಸಂಗತಿ ಇದೆ. 1626ರಲ್ಲಿ ಪೋರ್ಚುಗೀಸರು ತಮ್ಮ ಹಿಡಿತದ ಕರಾವಳಿಯಿಂದ ಮುಸ್ಲಿಮರನ್ನು ಹೊರದಬ್ಬಿದಾಗ ಅವರಿಗೆ ಆಶ್ರಯ ಕೊಟ್ಟವನು ಕ್ಯಾಂಡಿಯ ಬೌದ್ಧ ಅರಸ ಸೇನಾರತ್. ಅವರಲ್ಲಿ ಸಾವಿರಾರು ಜನರನ್ನು ಪೂರ್ವ ಕರಾವಳಿಯ ಬಟ್ಟಿಕಲೋವ ಕಡೆ ನೆಲೆಗೊಳಿಸಿದ. ಇವತ್ತು ಪೂರ್ವದಲ್ಲಿ ಕಾಣುವ ದೊಡ್ಡ ಮುಸ್ಲಿಂ ಊರುಗಳಿಗೆ ಆ ಆಶ್ರಯದ ನೆನಪಿದೆ. 2018ರ ಮಾರ್ಚ್‌ನಲ್ಲಿ ಅದೇ ಕ್ಯಾಂಡಿಯ ಪಕ್ಕದ ದಿಗನದಲ್ಲಿ ಮುಸ್ಲಿಮರ ಮನೆ, ಅಂಗಡಿ, ಮಸೀದಿಗಳಿಗೆ ಬೆಂಕಿ ಬಿತ್ತು. ಎರಡೂ ಕ್ಯಾಂಡಿಯ ಇತಿಹಾಸವೇ. ಒಂದನ್ನು ಮಾತ್ರ ಹೇಳಿದರೆ ಸುಳ್ಳಾಗುತ್ತದೆ.

ಕ್ಯಾಂಡಿಯಿಂದ ಉತ್ತರಕ್ಕೆ ದಂಬುಳ್ಳದ ಐದು ಗುಹಾಲಯಗಳು, ಅದರಾಚೆ ಸಿಗಿರಿಯ. ಕಾಡಿನ ನಡುವೆ ಸುಮಾರು ಇನ್ನೂರು ಮೀಟರ್ ಎತ್ತರದ ಒಂಟಿ ಬಂಡೆ, ತಲೆಯ ಮೇಲೆ ಐದನೇ ಶತಮಾನದ ಅರಸ ಕಾಶ್ಯಪನ ಅರಮನೆಯ ಅಡಿಪಾಯ. ನಡುವಿನ ಗೋಡೆಯಲ್ಲಿ ಬಣ್ಣ ಮಾಸದ ಸುಂದರಿಯರ ಚಿತ್ರಗಳು. ಅದರ ಪಕ್ಕ ಕನ್ನಡಿಗೋಡೆ. ಒಂದು ಕಾಲದಲ್ಲಿ ಅದು ಮುಖ ಕಾಣುವಷ್ಟು ನುಣುಪಾಗಿತ್ತಂತೆ. ಅದರ ಮೇಲೆ ಸಾವಿರ ವರ್ಷ ಹಿಂದೆ ಬಂದುಹೋದ ಪ್ರವಾಸಿಗರು ಸಿಂಹಳದಲ್ಲಿ ಪದ್ಯ ಗೀಚಿದ್ದಾರೆ. ಈಗ ಗೀಚಿದರೆ ಜೈಲು, ನೆನಪಿರಲಿ! ಬಂಡೆ ಹತ್ತಲು ಬೆಳಿಗ್ಗೆ ಏಳಕ್ಕೆ ಸಾಲಿನಲ್ಲಿ ನಿಂತರೆ ಬಿಸಿಲು ತಪ್ಪುತ್ತದೆ.

ಅನುರಾಧಪುರದಲ್ಲಿ ಶ್ರೀ ಮಹಾಬೋಧಿ ಮರವಿದೆ. ಬೋಧಗಯೆಯ ಮರದ ಸಸಿಯನ್ನು ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಅಶೋಕನ ಮಗಳು ಸಂಘಮಿತ್ರೆ ಇಲ್ಲಿಗೆ ತಂದಳೆಂದು ಬೌದ್ಧ ಗ್ರಂಥಗಳು ಹೇಳುತ್ತವೆ. ನಮ್ಮ ಮಸ್ಕಿಯ ಬಂಡೆಯ ಮೇಲೆ ಶಾಸನ ಕೆತ್ತಿಸಿದ ಅದೇ ಅಶೋಕ. ಮರದ ಎದುರು ಬಿಳಿ ಬಟ್ಟೆ ಉಟ್ಟ ಜನ ಮಾತಿಲ್ಲದೆ ಕೂತಿರುತ್ತಾರೆ. ನೀವೂ ಹತ್ತು ನಿಮಿಷ ಕೂತು ಬನ್ನಿ.

ಮತ್ತೆ ಪುತ್ತಳಂ

ಅನುರಾಧಪುರದಿಂದ ಕೊಲಂಬೊಗೆ ಮರಳುವ ದಾರಿಯಲ್ಲಿ ಪುತ್ತಳಂ ಸಿಗುತ್ತದೆ. ಉಪ್ಪಿನ ಗದ್ದೆ, ಹಿನ್ನೀರು, ಪಕ್ಕದ ಕಲ್ಪಿಟಿಯದಲ್ಲಿ ಡಾಲ್ಫಿನ್, ಇನ್ನೊಂದು ಕಡೆ ವಿಲ್‌ಪತ್ತು ಕಾಡು. ಇಬ್ನ್ ಬತೂತ ಇಳಿದ ಊರು ಇದೇ ಎಂದು ಆಗಲೇ ಹೇಳಿದೆ. ಟೂರ್ ಪ್ಯಾಕೇಜಿನಲ್ಲಿ ಈ ಹೆಸರು ಇರುವುದಿಲ್ಲ, ನೀವೇ ಕೇಳಿ ಸೇರಿಸಿಕೊಳ್ಳಬೇಕು.

1990ರ ಅಕ್ಟೋಬರ್‌ನಲ್ಲಿ ಎಲ್‌ಟಿಟಿಇ ಉತ್ತರ ಪ್ರಾಂತ್ಯದ ಮುಸ್ಲಿಮರನ್ನೆಲ್ಲ ಹೊರಹಾಕಿತು. ಯಾಳ್ಪಾಣ ಪಟ್ಟಣದವರಿಗೆ ಅಕ್ಟೋಬರ್ 30ರಂದು ಕೊಟ್ಟ ಗಡುವು ಎರಡು ಗಂಟೆ. ಹಣ, ಒಡವೆ, ಮನೆಪತ್ರ ಬಿಟ್ಟು, ಉಟ್ಟ ಬಟ್ಟೆಯಲ್ಲಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ನಡೆದರು. ಅವರಾಡುವ ಮಾತೂ ತಮಿಳೇ, ಹೊರಹಾಕಿದವರದೂ ತಮಿಳೇ. ಅವರಲ್ಲಿ ಹೆಚ್ಚಿನವರು ಬಂದು ನಿಂತದ್ದು ಈ ಪುತ್ತಳಂನಲ್ಲಿ. ಮೊದಲ ಅನ್ನ, ಮೊದಲ ಸೂರು ಕೊಟ್ಟವರು ಇಲ್ಲಿಯ ಜನ. ವರ್ಷಗಳು ಕಳೆದಂತೆ ನೀರು, ಕೂಲಿ, ಶಾಲೆ ಸೀಟಿಗೆ ಪೈಪೋಟಿ ಹುಟ್ಟಿ ಸ್ಥಳೀಯರಿಗೂ ನಿರಾಶ್ರಿತರಿಗೂ ಮನಸ್ತಾಪವೂ ಆಯಿತು. 2009ರಲ್ಲಿ ಯುದ್ಧ ಮುಗಿದ ಮೇಲೆ ಕೆಲವರು ಮರಳಿದರು, ಬಹಳಷ್ಟು ಜನ ಇಲ್ಲೇ ಉಳಿದರು.

ಆ ಯುದ್ಧದಲ್ಲಿ ನೋವು ಒಂದೇ ಕಡೆಯದಲ್ಲ. 1981ರಲ್ಲಿ ಯಾಳ್ಪಾಣದ ಗ್ರಂಥಾಲಯವನ್ನು ಸುಟ್ಟಾಗ ಸುಮಾರು 97,000 ಪುಸ್ತಕಗಳೂ ಓಲೆಗರಿಗಳೂ ಬೂದಿಯಾದವು. 1983ರಲ್ಲಿ ಕೊಲಂಬೊದ ಬೀದಿಗಳಲ್ಲಿ ತಮಿಳರ ಕೊಲೆ ನಡೆಯಿತು. 2019ರ ಈಸ್ಟರ್ ಭಾನುವಾರ ಐಸಿಸ್ ಹೆಸರು ಹೇಳಿಕೊಂಡ ಮುಸ್ಲಿಂ ಯುವಕರು ಚರ್ಚು, ಹೋಟೆಲುಗಳಲ್ಲಿ ಬಾಂಬ್ ಸಿಡಿಸಿ 260ಕ್ಕೂ ಹೆಚ್ಚು ಜನರನ್ನು ಕೊಂದರು. ಅದನ್ನು ನಾವು ನುಣುಚದೆ ಹೇಳಬೇಕು. ಆಮೇಲೆ ಅದರ ಬೆಲೆಯನ್ನು ಏನೂ ಅರಿಯದ ಮುಸ್ಲಿಂ ಅಂಗಡಿಯವರು ತೆತ್ತರು. 2020ರಲ್ಲಿ ಕೋವಿಡ್‌ನಿಂದ ಸತ್ತ ಮುಸ್ಲಿಮರನ್ನು ಹೂಳಲು ಬಿಡದೆ ಸುಡಲಾಯಿತು, ಇಪ್ಪತ್ತು ದಿನದ ಕೂಸನ್ನೂ ಬಿಡಲಿಲ್ಲ. ಆಗ ಕೊಲಂಬೊದ ಬೊರೆಲ್ಲಾ ಸ್ಮಶಾನದ ಗೇಟಿಗೆ ಜನ ಬಿಳಿ ಬಟ್ಟೆಯ ತುಂಡುಗಳನ್ನು ಕಟ್ಟಿ ಪ್ರತಿಭಟಿಸಿದರು. ಕಟ್ಟಿದವರಲ್ಲಿ ಬೌದ್ಧರೂ ಕ್ರೈಸ್ತರೂ ಇದ್ದರು. 2021ರ ಫೆಬ್ರವರಿಯಲ್ಲಿ ಆ ನಿಯಮ ಹೋಯಿತು, 2024ರ ಜುಲೈಯಲ್ಲಿ ಸರ್ಕಾರ ಕ್ಷಮೆ ಕೇಳಿತು. 2022ರ ಆರ್ಥಿಕ ಕುಸಿತದ ದಿನಗಳಲ್ಲಿ ಗಾಲ್ ಫೇಸ್ ಮೈದಾನದಲ್ಲಿ ಧರಣಿ ಕೂತವರ ನಡುವೆ ಇಫ್ತಾರ್ ನಡೆದಾಗ ಭಿಕ್ಷುಗಳೂ ಪಾದ್ರಿಗಳೂ ಜೊತೆಗಿದ್ದರು. ನೀವು ಸಂಜೆ ಇಸ್ಸೊ ವಡೆ, ಅಂದರೆ ಸಿಗಡಿ ವಡೆ, ತಿನ್ನಲು ಹೋಗುವುದು ಅದೇ ಮೈದಾನಕ್ಕೆ.

ಹೊರಡುವವರಿಗೆ ಕೆಲವು ಮಾತು

ಕಾಲ: ದಕ್ಷಿಣ, ಪಶ್ಚಿಮ ಮತ್ತು ಬೆಟ್ಟ ಪ್ರದೇಶಕ್ಕೆ ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯದು. ಮೇ ತಿಂಗಳಿಂದ ನಮ್ಮ ಕರಾವಳಿಯಂತೆ ಅಲ್ಲಿಯೂ ಮುಂಗಾರು. ದೆಹಲಿಯ ಶಾಲೆಗಳ ಬೇಸಿಗೆ ರಜೆ ಆಗಲೇ ಬೀಳುತ್ತದಲ್ಲ, ಹಾಗಿದ್ದರೆ ಪೂರ್ವದ ತ್ರಿಂಕೋಮಲಿ, ನೀಲಾವೇಲಿ ಕಡೆ ಹೋಗಿ. ಅಲ್ಲಿ ಆಗ ಕಡಲು ಶಾಂತ, ಬಂಡೆಯ ಮೇಲಿನ ಕೋಣೇಶ್ವರ ಗುಡಿಯಿಂದ ನೋಡಿದರೆ ನೀರಿನ ತಳ ಕಾಣುತ್ತದೆ.

ದಾರಿ: ಹತ್ತು ದಿನವಿದ್ದರೆ ಕೊಲಂಬೊ, ಗಾಲೆ, ಕತರಗಾಮ, ಎಲ್ಲ, ಹ್ಯಾಟನ್, ಕ್ಯಾಂಡಿ, ಸಿಗಿರಿಯ, ಅನುರಾಧಪುರ, ಪುತ್ತಳಂ ಎಂದು ಒಂದು ಸುತ್ತು ಹಾಕಬಹುದು. ಆರು ದಿನವಿದ್ದರೆ ಗಾಲೆ, ಶ್ರೀಪಾದ, ಕ್ಯಾಂಡಿ ಸಾಕು. ಎಲ್ಲವನ್ನೂ ಮುಟ್ಟಿ ಓಡಬೇಡಿ.

ಕಾಗದಪತ್ರ: ಸರ್ಕಾರಿ ನೌಕರರು ಕಚೇರಿಯ ಅನುಮತಿಯನ್ನು ಮೊದಲೇ ತೆಗೆದುಕೊಳ್ಳಬೇಕು. ಎಲ್‌ಟಿಸಿ ದೇಶದೊಳಗಿನ ಪ್ರವಾಸಕ್ಕೆ ಮಾತ್ರ. ವೀಸಾ ನಿಯಮ, ಶುಲ್ಕ ಆಗಾಗ ಬದಲಾಗುತ್ತಿರುತ್ತದೆ, ಶ್ರೀಲಂಕಾ ಸರ್ಕಾರದ ಜಾಲತಾಣದಲ್ಲೇ ನೋಡಿ.

ಊಟ: ನಮ್ಮ ನಾಲಿಗೆಗೆ ಕಷ್ಟವಿಲ್ಲ. ಒತ್ತು ಶ್ಯಾವಿಗೆ, ಅಪ್ಪ, ತೆಂಗಿನಕಾಯಿ ಸಂಬೋಲ, ಹಲಸಿನ ಪಲ್ಯ. ಸಸ್ಯಾಹಾರಿಗಳು ಸಂಬೋಲದಲ್ಲಿ ಒಣಮೀನಿನ ಪುಡಿ ಇದೆಯೇ ಎಂದು ಕೇಳಿಕೊಳ್ಳಿ. ಹಲಾಲ್ ಊಟ ಎಲ್ಲ ಪಟ್ಟಣಗಳಲ್ಲೂ ಸಿಗುತ್ತದೆ. ವಟಲಪ್ಪಂ ತಪ್ಪಿಸಬೇಡಿ. ಮೊಟ್ಟೆ, ಕಾಯಿಹಾಲು, ಬೈನೆ ಬೆಲ್ಲದ ಈ ಸಿಹಿ ಮಲಾಯ್ ಮುಸ್ಲಿಮರಿಂದ ಬಂದದ್ದು. ಈದ್ ದಿನ ಮುಸ್ಲಿಂ ಮನೆಗಳಿಂದ ನೆರೆಯ ಮನೆಗಳಿಗೆ ಹೋಗುವ ಬಟ್ಟಲಿನಲ್ಲಿ ಇರುವುದು ಇದೇ.

ನಡವಳಿಕೆ: ಬುದ್ಧನ ಮೂರ್ತಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯಬೇಡಿ, ಅಲ್ಲಿ ಅದನ್ನು ಅವಮಾನವೆಂದೇ ತಿಳಿಯುತ್ತಾರೆ. ಗುಡಿ, ವಿಹಾರ, ಮಸೀದಿ ಯಾವುದೇ ಆಗಲಿ ಮೊಣಕಾಲು, ಭುಜ ಮುಚ್ಚುವ ಬಟ್ಟೆ ಇರಲಿ. ಪ್ರತಿ ಹುಣ್ಣಿಮೆ 'ಪೋಯ' ರಜೆ, ಮಾಂಸದ ಅಂಗಡಿ ಮುಚ್ಚಿರುತ್ತದೆ. ಯುದ್ಧದ ಬಗ್ಗೆ ನೀವಾಗಿ ಕೇಳಬೇಡಿ, ಅವರಾಗಿ ಹೇಳಿದರೆ ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಳ್ಳಿ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ. ಪಾಸ್‌ಪೋರ್ಟ್ ಇಲ್ಲದಿದ್ದರೂ ಈ ಪ್ರವಾಸದ ಮೊದಲ ಭಾಗವನ್ನು ಬರುವ ಭಾನುವಾರವೇ ಮಾಡಬಹುದು. ಬೆಳಿಗ್ಗೆ ಮಲೈ ಮಂದಿರದ ಮೆಟ್ಟಿಲು ಹತ್ತಿ, ಸಂಜೆ ಹೌಜ್ ಖಾಸ್ ದಂಡೆಯಲ್ಲಿ ಕೂರಿ. ನಡುವೆ ಭೂಪಟ ತೆಗೆದು ದೆಹಲಿಯಿಂದ ಖಂಭಾತ, ಹೊನ್ನಾವರ, ಮಂಗಳೂರು, ಕಲ್ಲಿಕೋಟೆ, ಮಾಲ್ಡೀವ್ಸ್, ಪುತ್ತಳಂವರೆಗೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ನಿಮ್ಮ ಊರು ಆ ಗೆರೆಗೆ ಎಷ್ಟು ಹತ್ತಿರ ಇದೆ ಅಂತ ನೋಡಿ.